ಎರಡೂ ಬಾಜೂ ಸಮ ಮಾಡಿದ ರೇಜರ್

"ಸರ್, ನಿಮ್ಮ ರೇಜರ್‌ನ್ಯಾಗ ಒಂದು ಡಿಫೆಕ್ಟ್ ಇತ್ತು. ತಗದ್ಬಿಟ್ಟೀನಿ. ಅದಕ್ಕ ಎಕ್ಸ್‌ಟ್ರಾ ಏನೂ ಬ್ಯಾಡ್ರಿ."

ಗದಗಿನ ಅಂಗಡಿಯಲ್ಲಿ ಆ ಮನುಷ್ಯ ಹೀಗೆ ಹೇಳಿದಾಗ ನಾನು ಏನು ಮಾಡಿದೆ ಗೊತ್ತೇ? ಥ್ಯಾಂಕ್ಸ್ ಹೇಳಿದೆ. ಕೈ ಕುಲುಕಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ರೇಜರ್ ನನ್ನದಲ್ಲ, ಅಣ್ಣನದು. ಹಿತ್ತಾಳೆಯ ಹಳೇ ಸೇಫ್ಟಿ ರೇಜರ್. ಹಿಡಿಕೆ ತಿರುವಿದರೆ ತಲೆ ಬಿಚ್ಚುತ್ತದೆ, ನಡುವೆ ಬ್ಲೇಡ್ ಇಟ್ಟು ಮತ್ತೆ ಬಿಗಿಯಬೇಕು. ಅಣ್ಣನಿಗೆ ಅರವತ್ತು ತುಂಬುತ್ತಿತ್ತು. ಏನಾದರೂ ಗಿಫ್ಟ್ ಕೊಡಬೇಕಲ್ಲ? (ಒಂದು ಶಾಲು ಹೊದಿಸಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ.) ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಕಿಲುಬು ಹಿಡಿದ ರೇಜರ್ ಎರಡೇ ನಿಮಿಷದಲ್ಲಿ ಫಳಫಳ. 'ವಿಂಟೇಜ್ ರಿಸ್ಟೋರೇಷನ್' ಅಂತೆ. ಅಂಗಡಿ ನಮ್ಮೂರಲ್ಲೇ. ಇನ್ನೇನು ಬೇಕು?

"ಬ್ಯಾಡೋ, ಅದು ನನ್ನ ಮಾರಿಗೆ ಹೊಂದೇತಿ," ಅಂದ ಅಣ್ಣ.

"ನಿನಗ ತಿಳಿಯೂದಿಲ್ಲ, ಸುಮ್ನಿರು," ಅಂದೆ.

ಅಣ್ಣ ಮಾತು ಕಡಿಮೆಯವನು. ರೇಜರ್ ತಂದು ನನ್ನ ಕೈಗಿಟ್ಟ.

ಹೊಳೆಯುವ ರೇಜರ್ ಕೊಟ್ಟ ಮರುದಿನ ಬೆಟಗೇರಿಯ ಅವನ ಮನೆಗೆ ಹೋದರೆ, ಎಡಗಲ್ಲಕ್ಕೆ ಟವೆಲ್ ಒತ್ತಿ ಹಿಡಿದು ಕುಳಿತಿದ್ದಾನೆ. ಟವೆಲ್ ಕೆಂಪಾಗಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಮೇಲೆ ಹರಿಹಾಯ್ದರು.

"ಅದರ ಎರಡು ಬಾಜೂ ಬ್ಯಾರೆ ಬ್ಯಾರೆ ಇದ್ದುವು. ಅಷ್ಟೂ ಗೊತ್ತಿಲ್ಲೇನ ನಿಮಗ?"

ಗೊತ್ತಿರಲಿಲ್ಲ. ಗದಗ ಜಿಲ್ಲೆಯಾದ ವರ್ಷ, ನೂಲಿಗೆ ಬಣ್ಣ ಹಾಕುವಲ್ಲಿ ಕುದಿಯುವ ಬಣ್ಣ ಸಿಡಿದು ಅಣ್ಣನ ಎಡಗಲ್ಲ ಸುಟ್ಟಿದ್ದು ಗೊತ್ತಿತ್ತು. ಅಲ್ಲಿನ ಚರ್ಮ ಈಗಲೂ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು, ಕೂದಲು ಅಲ್ಲೊಂದು ಇಲ್ಲೊಂದು. ಬಲಗಲ್ಲದ ಗಡ್ಡ ಮಾತ್ರ ಬಲು ಬಿರುಸು. ಸಲೂನಿಗೆ ಹೋದರೆ ಬೆಂಚಿನ ಮೇಲೆ ಕುಳಿತವರೆಲ್ಲ ಕನ್ನಡಿಯಲ್ಲಿ ಅವನ ಗಲ್ಲವನ್ನೇ ನೋಡುತ್ತಾರೆ. ಅದಕ್ಕೇ ಅವನು ಮನೆಯಲ್ಲೇ ಶೇವ್ ಮಾಡಿಕೊಳ್ಳುತ್ತಾನೆ. ಒಂದು ದಿನವೂ ತಪ್ಪದೆ.

ಉಳಿದದ್ದನ್ನು ವೈನಿ ಹೇಳಿದರು. ಲಕ್ಷ್ಮೇಶ್ವರದಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಮಕ್ತುಮಸಾಬರು ಈ ರೇಜರನ್ನು ಅಣ್ಣನ ಮುಖಕ್ಕೆ ಹೊಂದಿಸಿಕೊಟ್ಟಿದ್ದರಂತೆ. ಬ್ಲೇಡಿನ ಅಂಚಿಗೂ ಕೆಳಗಿನ ಪಟ್ಟಿಗೂ ನಡುವೆ ಸಂದು ಇರುತ್ತದಲ್ಲ, ಅದು ದೊಡ್ಡದಾದಷ್ಟೂ ಬ್ಲೇಡ್ ಜೋರು. ಒಂದು ಬಾಜೂ ಪಟ್ಟಿ ಬಗ್ಗಿಸಿ ಪೋಸ್ಟ್ ಕಾರ್ಡ್ ಹೋಗುವಷ್ಟೇ ಸಂದು ಬಿಟ್ಟಿದ್ದರು. ಅದು ಎಡಗಲ್ಲಕ್ಕೆ. ಇನ್ನೊಂದು ಬಾಜೂ ದಪ್ಪ ಮದುವೆ ಕಾರ್ಡ್ ಹೋಗುವಷ್ಟು. ಅದು ಬಲಗಲ್ಲಕ್ಕೆ. ಮೆದು ಬಾಜೂ ಯಾವುದೆಂದು ತಿಳಿಯಲು ಅರದಿಂದ ಎಳೆದ ಒಂದು ಸಣ್ಣ ಗೀರು.

ಅಂಗಡಿಗೆ ನುಗ್ಗಿದೆ. ಕೂಗಾಡಿದೆ.

"ಗ್ಯಾಪ್ ಸಮ ಇರ್ಲಿಲ್ರಿ ಸರ್, ಮ್ಯಾಲ ಒಂದು ಗೀರೂ ಬಿದ್ದಿತ್ತು. ಎಲ್ಲಾ ಲೆವೆಲ್ ಮಾಡಿ ಪಾಲಿಶ್ ಹೊಡದೆ," ಅಂದ.

"ಒಂದ್ ಮಾತ್ ಕೇಳಬೇಕಿತ್ತೋ ಇಲ್ಲೋ?"

"ಕೇಳಿದ್ನೆಲ್ರಿ! ಇದರಾಗ ಏನರ ಇದ್ದಂಗ ಬಿಡೂದು ಐತೇನ್ರಿ ಅಂದೆ. ನೀವ ಅಂದ್ರಿ, ಏನಿಲ್ಲ, ಹೊಸಾದರಂಗ ಆಗಬೇಕು ಅಂತ."

ಅಂದಿದ್ದೆ. ಖರೆ.

ಸಿಟ್ಟು ಇಳಿಯಿತು ಅಂದುಕೊಂಡಿರಾ? ಎರಡರಷ್ಟಾಯಿತು. ಏನು ರೋಗ ಇದು ನಮಗೆ? ಸವೆದ ಮೆಟ್ಟಿಲು ಕಂಡರೆ ಸಾಕು, ನುಣುಪು ಟೈಲ್ಸ್ ಹಾಕಿಸುತ್ತೇವೆ. ಅಜ್ಜಿ ಜಾರಿ ಬಿದ್ದರೆ 'ನೋಡಿ ನಡೆಯಬಾರದೇ' ಎಂದು ಅವಳನ್ನೇ ಬೈಯುತ್ತೇವೆ. ವಾರೆ ಇದ್ದದ್ದು ಯಾಕೆ ವಾರೆ ಇದೆ ಎಂದು ಯಾರಾದರೂ ಕೇಳುತ್ತೇವೆಯೇ? ನಾನಂತೂ ಕೇಳಲಿಲ್ಲ. ಒಡಹುಟ್ಟಿದವನು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ರೇಜರ್ ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡಿದ್ದೆ. ಅವನ ಚಟ ಅಂದುಕೊಂಡಿದ್ದೆ.

ನಾಲ್ಕನೇ ದಿನ ರಜೆ ಸಿಕ್ಕೊಡನೆ ರೇಜರ್ ಹಿಡಿದು ಲಕ್ಷ್ಮೇಶ್ವರಕ್ಕೆ ಓಡಿದೆ. ಮಕ್ತುಮಸಾಬರು ಈಗ ಹಣ್ಣು ಮುದುಕರು. ರೇಜರ್ ಬಿಚ್ಚಿ, ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಯಾವ ಶಾಣ್ಯಾ ಮಾಡ್ಯಾನ ಇದನ್ನ?"

"ನಾನ ಮಾಡ್ಸೀನಿ ಚಾಚಾ. ಮತ್ತ ಮೊದಲಿನಂಗ ಮಾಡಿಕೊಡ್ರಿ."

"ಬಗ್ಗಸ್ತೀನಿ ತಮ್ಮಾ. ಆದ್ರ ಗಲ್ಲ ನನ್ನ ಎದುರಿಗಿರಬೇಕು. ಆವತ್ತ ಹೆಬ್ಬಟ್ಟಿಲೆ ಅವನ ಗಲ್ಲ ಮುಟ್ಟಿ ಮುಟ್ಟಿ ನೋಡಿ, ಸಂಜಿತನಕ ಕುಂತ ಮಾಡಿದ್ದೆ. ಅಣ್ಣನ್ನ ಕರಕೊಂಡು ಬಾ."

ಬೆಟಗೇರಿಗೆ ಬಂದೆ. ಅಣ್ಣನ ಎಡಗಲ್ಲದ ಮೇಲೆ ಬ್ಯಾಂಡೇಜ್, ಬಲಗಲ್ಲದ ತುಂಬ ನಾಲ್ಕು ದಿನದ ಬಿಳಿ ಗಡ್ಡ. ಇಷ್ಟು ವರ್ಷ ದಿನಾ ಎದ್ದು ಜನರ ಕಣ್ಣಿಂದ ಮರೆಮಾಡಿಕೊಂಡಿದ್ದ ವ್ಯತ್ಯಾಸ ಈಗ ಬೀದಿಯ ಆ ತುದಿಗೂ ಕಾಣುವಂತಿತ್ತು. ನಾಲ್ಕು ದಿನದಿಂದ ಅವನು ಹೊಸ್ತಿಲು ದಾಟಿಲ್ಲ ಎಂದರು ವೈನಿ.

"ತಪ್ಪಾತು ಅಣ್ಣಾ. ನಡಿ, ಲಕ್ಷ್ಮೇಶ್ವರಕ್ಕ ಹೋಗೂಣು."

"ಈ ಮಾರಿ ತಗೊಂಡು ಬಸ್ಸಿನ್ಯಾಗ ಕುಂಡ್ರಲೇನು?"

ರೇಜರ್ ತೆಗೆದು ಅವನ ಮುಂದಿಟ್ಟೆ. ಮಾತು ಕಡಿಮೆಯ ಅಣ್ಣ ಆವತ್ತು ಇನ್ನೊಂದು ಮಾತು ಹೆಚ್ಚಿಗೆ ಆಡಿದ.

"ರೇಜರ್ ಸಮ ಮಾಡ್ಸಿದಿ, ಆತು. ಆ ಅಂಗಡಿಯವನ ಕಡಿಂದನ ನನ್ನ ಗಲ್ಲಾನೂ ಸಮ ಮಾಡಸಬೇಕಿತ್ತಲ್ಲೋ?"