ಎರಡನೇ ವರ್ಷದ ಬಾಗಿಲಲ್ಲಿ

ಮದುವೆಯಾಗಿ ಬೊರಿವಲಿಗೆ ಬರುವ ಹೊತ್ತಿಗೆ ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೆ. ಎರಡನೇ ವರ್ಷ ಮುಂಬೈಯಲ್ಲಿ ಓದಿದರಾಯಿತು ಎಂದು ಮನೆಯಲ್ಲಿ ಎಲ್ಲರೂ ಅಂದಿದ್ದರು. ನಾನೂ ಹಾಗೆಯೇ ನಂಬಿದ್ದೆ. ದಾದರ್‌ನಲ್ಲಿ ಇಳಿದು ಬೇರೆ ಗಾಡಿ ಹತ್ತುವಷ್ಟು ಸುಲಭ ಅದು ಎಂದುಕೊಂಡಿದ್ದೆ.

ಜೂನ್ ತಿಂಗಳ ಒಂದು ಬೆಳಗ್ಗೆ ಚರ್ಚ್‌ಗೇಟ್ ಕಡೆಯ ಹಳೆಯ ಕಾಲೇಜೊಂದರ ಆಫೀಸಿನಲ್ಲಿ ನಿಂತು, ನನ್ನ ಅಂಕಪಟ್ಟಿ, ಮೈಗ್ರೇಷನ್ ಸರ್ಟಿಫಿಕೇಟ್ ಎಲ್ಲ ಕಿಟಕಿಯೊಳಗೆ ಚಾಚಿದೆ. ಗುಮಾಸ್ತ ಅವನ್ನು ತಿರುವಿ ನೋಡಿ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದ. ಬೇರೆ ವಿಶ್ವವಿದ್ಯಾಲಯದಿಂದ ನೇರ ಎರಡನೇ ವರ್ಷಕ್ಕೆ ಬರಬೇಕಾದರೆ ಇಲ್ಲಿ ಸೀಟು ಖಾಲಿ ಇರಬೇಕು. ಅಲ್ಲಿ ಓದಿದ ವಿಷಯಗಳೂ ಇಲ್ಲಿಯ ವಿಷಯಗಳೂ ಹೊಂದಬೇಕು. ಹೊಂದುತ್ತವೋ ಇಲ್ಲವೋ ಎಂದು ಹೇಳುವುದು ಒಂದು ಸಮಿತಿ. ಸಮಿತಿ ಯಾವಾಗ ಸೇರುತ್ತದೆ ಎಂದು ಕೇಳಿದರೆ ಅವನು ನಕ್ಕುಬಿಟ್ಟ. "ಮ್ಯಾಡಮ್, ವೋ ತೋ ಊಪರ್‌ವಾಲಾ ಹೀ ಜಾನೇ," ಎಂದ. ಅದು ಮೇಲಿರುವವನಿಗೇ ಗೊತ್ತು ಎಂದರ್ಥ. ಊಪರ್‌ವಾಲಾ ಎಂದರೆ ದೇವರೋ, ಮೇಲಿನ ಮಹಡಿಯ ವಿಭಾಗದ ಮುಖ್ಯಸ್ಥರೋ ನನಗೆ ತಿಳಿಯಲಿಲ್ಲ. ಮೇಲಿನ ಮಹಡಿಗೆ ಹತ್ತಿದೆ.

ಅಲ್ಲಿಯ ಕಾರಿಡಾರ್ ಉದ್ದವಾಗಿ, ತಂಪಾಗಿ, ಅರ್ಧ ಕತ್ತಲಲ್ಲಿತ್ತು. ಗೋಡೆಯುದ್ದಕ್ಕೂ ಒಣಗಿಸಿದ ಗಿಡಗಳ ಕಪಾಟುಗಳು. ನುಸಿಗುಳಿಗೆಯ ವಾಸನೆ. ಅದೇ ವಾಸನೆ ಧಾರವಾಡದ ಕಪಾಟುಗಳಿಗೂ ಇತ್ತು. ಕಣ್ಣು ಮುಚ್ಚಿದರೆ ನಾನು ಅಲ್ಲೇ ಇದ್ದೆ, ಕಿಟಕಿಯಾಚೆ ಬೇವಿನ ಮರ, ಗೆಳತಿಯರ ಗದ್ದಲ. ಕಣ್ಣು ತೆರೆದರೆ ಸಮುದ್ರದ ಕಡೆಯಿಂದ ಬಂದ ಬೂದು ಬೆಳಕು ನೆಲದ ಮೇಲೆ ನೀರಿನ ಹಾಗೆ ಅಲುಗುತ್ತಿತ್ತು. ಆ ಮಳೆಗಾಲವೆಲ್ಲ ನಾನು ಹೀಗೆ ಎರಡು ಊರುಗಳ ನಡುವೆ ತೇಲಿಕೊಂಡೇ ಇದ್ದೆ.

ಬೆಂಚಿನ ಮೇಲೆ ಆಗಲೇ ಒಬ್ಬ ಹೆಂಗಸು ಕೂತಿದ್ದರು. ವಯಸ್ಸು ಅರವತ್ತರ ಆಚೀಚೆ. ಹತ್ತಿಯ ಸೀರೆ, ತಲೆಯಲ್ಲಿ ಒಂದು ಎಳೆ ಅಬ್ಬಲಿಗೆ, ಮಡಿಲಲ್ಲಿ ಸ್ಟೀಲಿನ ಡಬ್ಬಿ. ಮಗಳನ್ನೋ ಮೊಮ್ಮಗಳನ್ನೋ ಸೇರಿಸಲು ಬಂದಿರಬೇಕು ಎಂದುಕೊಂಡೆ. ನಾನು ಫೋನಿನಲ್ಲಿ ಗಂಡನ ಜೊತೆ ಮಾತಾಡಿದ್ದು ಕೇಳಿಸಿಕೊಂಡು ಅವರೇ ಶುರು ಮಾಡಿದರು.

"ಕನ್ನಡವಾ? ಧಾರವಾಡ ಕಡೆಯವರಾ?"

"ಹೌದ್ರಿ ಆಂಟಿ. ಮಗಳ ಅಡ್ಮಿಷನ್ನಿಗೆ ಬಂದೀರೇನ್ರಿ?"

"ಮಗಳೆಲ್ಲ ಇಲ್ಲ ಮಾರಾಯ್ತಿ. ನನ್ನದೇ ಅಡ್ಮಿಷನ್. ಫಸ್ಟ್ ಇಯರ್‌ಗೆ." ನನ್ನ ಮುಖ ನೋಡಿ ಅವರಿಗೆ ನಗು ಬಂತು. "ರೂಲ್ಸಿನಲ್ಲಿ ವಯಸ್ಸಿನ ಮಿತಿ ಇಲ್ಲ. ನಾನು ಓದಿ ನೋಡಿಯೇ ಬಂದದ್ದು."

ಡಬ್ಬಿಯಲ್ಲಿ ಗೋಳಿಬಜೆ ಇತ್ತು. ತಿನ್ನುತ್ತ ಅವರ ಕತೆ ಕೇಳಿದೆ. ಉಡುಪಿ ಕಡೆಯ ಕುಟುಂಬ, ಹುಟ್ಟಿದ್ದು ಬೆಳೆದದ್ದು ಮುಂಬೈಯಲ್ಲೇ. ಬಿ.ಎಸ್ಸಿ. ಮುಗಿದ ವರ್ಷವೇ ಮದುವೆ. ಗಂಡನಿಗೆ ಮಲಾಡ್‌ನಲ್ಲಿ ಹೋಟೆಲ್. ಅದರ ಅಡುಗೆಮನೆ ನೋಡಿಕೊಳ್ಳುವುದರಲ್ಲಿ ವಯಸ್ಸು ಕಳೆಯಿತು. ಈಗ ಗಂಡ ಇಲ್ಲ, ಹೋಟೆಲ್ ಮಗನ ಕೈಯಲ್ಲಿ. "ಮಗ ಕೇಳಿದ, ಅಮ್ಮಾ ಇನ್ನು ಕಾಶಿಗೆ ಹೋಗ್ತೀಯಾ ಅಂತ. ನಾನು ಹೇಳಿದೆ, ಇಲ್ಲ, ಕಾಲೇಜಿಗೆ ಹೋಗ್ತೇನೆ."

ಅವರ ತೊಂದರೆ ಬೇರೆ ಥರದ್ದು. ಹಳೆಯ ಡಿಗ್ರಿ ಸರ್ಟಿಫಿಕೇಟಿನಲ್ಲಿ ಸೆಕೆಂಡ್ ಕ್ಲಾಸ್ ಎಂದಷ್ಟೇ ಇತ್ತು. ಈಗಿನ ಕಂಪ್ಯೂಟರಿಗೆ ಶೇಕಡಾ ಎಷ್ಟು ಎಂದು ಬೇಕು. ಕೊನೆಗೆ, ಅಂಥವರಿಗೆ ಆ ಕ್ಲಾಸಿನ ಅತಿ ಕಡಿಮೆ ಅಂಕವೆಂದು ಹಿಡಿಯುವುದು ಎಂದು ಆಫೀಸಿನವರು ನಿಯಮ ಹುಡುಕಿದರು. ಅಂದರೆ ಸೀಟು ಹಂಚುವ ಪಟ್ಟಿಯಲ್ಲಿ ಅವರ ಜಾಗ ಸಹಜವಾಗಿ ತಳದಲ್ಲಿ.

ವಿಭಾಗದ ಮುಖ್ಯಸ್ಥೆ ಮರಾಠಿಯವರು, ಮೆಲುದನಿಯ ಹೆಂಗಸು. ನನ್ನ ಕಾಗದಗಳನ್ನು ನೋಡಿ, ವರ್ಗಾವಣೆಯ ಅರ್ಜಿಯನ್ನು ಸಮಿತಿಗೆ ಕಳಿಸುವುದಾಗಿ ಹೇಳಿದರು. ಆದರೆ ಇಲ್ಲಿಯ ಮೊದಲ ವರ್ಷದಲ್ಲಿದ್ದ ಕಡಲ ಪಾಚಿಗಳ ಪತ್ರಿಕೆಯನ್ನೂ ಕರಾವಳಿ ಸಸ್ಯಗಳ ಪತ್ರಿಕೆಯನ್ನೂ ನಾನು ಓದಿರಲಿಲ್ಲ. ಸಮಿತಿ ಒಪ್ಪದೆಯೂ ಹೋಗಬಹುದು. "ಮೊದಲ ವರ್ಷಕ್ಕೂ ಒಂದು ಅರ್ಜಿ ಹಾಕಿಡಿ. ಅದು ಸಿಕ್ಕರೆ ಮೊದಲಿನಿಂದ ಓದಬಹುದು, ವರ್ಷ ಹಾಳಾಗುವುದಿಲ್ಲ," ಎಂದರು. ನಾನು ಹಾಕಿಟ್ಟೆ.

ಆಮೇಲೆ ಮಳೆ ಹಿಡಿಯಿತು. ಏನಾಯಿತೆಂದು ಕೇಳಲು ವಾರಕ್ಕೊಮ್ಮೆ ಲೋಕಲ್ ಹತ್ತಿ ಹೋಗುತ್ತಿದ್ದೆ. ಒದ್ದೆ ಕೊಡೆಗಳ ವಾಸನೆಯ ನಡುವೆ ಕಿಟಕಿಯ ಸರಳಿಗೆ ತಲೆಯಾನಿಸಿದರೆ ತೂಕಡಿಕೆ. ಮೂರು ಭಾಷೆಯಲ್ಲಿ ಸ್ಟೇಷನ್ನಿನ ಹೆಸರು ಹೇಳುವ ದನಿ ನಿದ್ದೆಯೊಳಗೆ ಇಳಿದು ಬರುತ್ತಿತ್ತು. ಒಮ್ಮೊಮ್ಮೆ ಮುಂದಿನ ಸ್ಟೇಷನ್ ಧಾರವಾಡ ಎಂದೇ ಕೇಳಿಸುತ್ತಿತ್ತು. ಮಲಾಡ್‌ನಲ್ಲಿ ಆ ಗೋಳಿಬಜೆಯ ಆಂಟಿ ಹತ್ತುತ್ತಿದ್ದರು. ನಾನು ಕೂರುವ ಬೋಗಿ ಅವರಿಗೆ ಗೊತ್ತಿತ್ತು. ಭುಜ ತಟ್ಟಿ, "ಏಳು ಏಳು, ಸ್ವಲ್ಪ ಜಾಗ ಕೊಡು," ಎನ್ನುತ್ತಿದ್ದರು. ಆಂಟಿ ಅನ್ನುವುದು ಬಿಟ್ಟು ನಾನು ಅಕ್ಕಾರ ಅನ್ನತೊಡಗಿದ್ದೆ.

ಮೊದಲ ವರ್ಷದ ಕೊನೆಯ ಪಟ್ಟಿ ಬಂದ ದಿನ ಇಬ್ಬರೂ ಒಟ್ಟಿಗೇ ಬೋರ್ಡಿನ ಮುಂದೆ ನಿಂತೆವು. ಉಳಿದಿದ್ದುದು ಒಂದೇ ಸೀಟು. ಅದರೆದುರು ನನ್ನ ಹೆಸರಿತ್ತು. ಕೆಳಗೆ ಕಾಯುವವರಲ್ಲಿ ಮೊದಲ ಹೆಸರು ಅಕ್ಕನದು. ಎರಡು ದಿನದೊಳಗೆ ನಾನು ಸೇರದಿದ್ದರೆ ಅದು ಅವರಿಗೆ ಹೋಗುತ್ತಿತ್ತು.

ಅಕ್ಕ ಕನ್ನಡಕ ಸರಿ ಮಾಡಿಕೊಂಡು ಮತ್ತೊಮ್ಮೆ ಓದಿದರು. "ಒಳ್ಳೆದಾಯ್ತು. ನೀನು ಸೇರು. ನನಗೆ ಮುಂದಿನ ವರ್ಷ ಉಂಟಲ್ಲ," ಎಂದರು. ಹೇಳಿ ನನ್ನ ಕಡೆ ನೋಡದೆ ಪ್ರಯೋಗಾಲಯದ ಬಾಗಿಲಿನವರೆಗೆ ಹೋಗಿ ನಿಂತರು. ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳು ಬಟ್ಟೆ ಹೊದ್ದು ಸಾಲಾಗಿ ಕೂತಿದ್ದವು. ತುಂಬ ಹೊತ್ತು ಅವರು ಅಲ್ಲೇ ನಿಂತಿದ್ದರು.

ಸಂಜೆ ಗಂಡನಿಗೆ ಹೇಳಿದೆ, ನಾನು ಆ ಸೀಟು ಬಿಡುತ್ತೇನೆ, ಸಮಿತಿಗೆ ಕಾಯುತ್ತೇನೆ ಎಂದು. ಅವರು ಆಗಷ್ಟೇ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು.

"ಕೈಯಾಗ ಬಂದ ಸೀಟು ಬಿಡತೀಯೇನು? ಸಮಿತಿ ಒಲ್ಲೆ ಅಂದ್ರ?"

"ಅಂದ್ರ ಒಂದು ವರ್ಷ ಮನ್ಯಾಗ ಕೂಡತೇನ್ರಿ."

"ಆ ಅಕ್ಕನ ಸಲುವಾಗೇನು?"

ಬಾಲ್ಕನಿಗೆ ಹೋಗಿ ನಿಂತೆ. ಎದುರಿನ ಬಿಲ್ಡಿಂಗಿನ ಆಚೆ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಮೋಡದಲ್ಲಿ ಮುಚ್ಚಿ, ಅಲ್ಲಿ ಏನೂ ಇಲ್ಲದ ಹಾಗೆ ಕಾಣುತ್ತಿದ್ದವು. ಧಾರವಾಡದ ಆ ವರ್ಷ ನನಗೆ ನೆನಪಾಯಿತು. ಹುಲ್ಲುಗಳನ್ನು ಹುಡುಕಿಕೊಂಡು ಬಯಲುಗಳಲ್ಲಿ ಅಲೆದದ್ದು, ಒಂದು ಹುಲ್ಲಿನ ಹೂವು ಅಕ್ಕಿಕಾಳಿಗಿಂತ ಚಿಕ್ಕದಾಗಿದ್ದರೂ ಲೆನ್ಸಿನ ಕೆಳಗೆ ದೇವಸ್ಥಾನದ ದೀಪದ ಹಾಗೆ ಬಿಚ್ಚಿಕೊಂಡದ್ದು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಆ ವರ್ಷ ನಡೆದೇ ಇಲ್ಲವೆಂದು ನಾನೇ ಒಪ್ಪಿಕೊಂಡಂತೆ ಎನ್ನಿಸಿತು. ಒಳಗೆ ಬಂದು ಅದನ್ನೇ ಹೇಳಿದೆ. ಗಂಡ ಬಿಚ್ಚಿದ ಶೂ ಮೂಲೆಗೆ ಸರಿಸಿ, "ಆತು. ನಿನ್ನ ಓದು, ನಿನಗ ಬಿಟ್ಟದ್ದು," ಎಂದರು.

ಎರಡು ದಿನ ಕಳೆದ ಮೇಲೆ, ಸೀಟು ಸಿಕ್ಕಿತೆಂದು ಅಕ್ಕನಿಗೆ ಆಫೀಸಿನಿಂದ ಫೋನು ಹೋಯಿತು. ಮರುದಿನ ಅವರು ಸೀದಾ ನಮ್ಮ ಮನೆಗೇ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ನನ್ನ ಮುಖ ನೋಡಿ ಬಿಟ್ಟದ್ದಾ? ನನಗೆ ಯಾರ ಕನಿಕರವೂ ಬೇಡ, ಗೊತ್ತುಂಟಲ್ಲ?"

"ಒಂದೀಟು ನಿಮ್ಮ ಸಲುವಾಗಿ ಹೌದ್ರಿ ಅಕ್ಕಾರ. ಸುಳ್ಳು ಯಾಕ ಹೇಳ್ಲಿ. ಆದ್ರ ಬಾಳ ನನ್ನ ಸಲುವಾಗಿನ. ಓದಿದ ವರ್ಷಾನ ಅಳಿಸಿಹಾಕಲಿಕ್ಕೆ ನನಗ ಆಗಂಗಿಲ್ಲ."

ಅವರು ನೀರಿನ ಲೋಟ ಎತ್ತಿಕೊಂಡು, "ಸಮಿತಿಯವರು ಇಲ್ಲ ಅಂದರೆ ನಾನು ಅವರ ಮನೆ ಎದುರು ಹೋಗಿ ಕೂತುಕೊಳ್ತೇನೆ," ಎಂದರು. ಹೋಗುವಾಗ ಚಪ್ಪಲಿ ಮೆಟ್ಟುತ್ತ ಕಣ್ಣೊರೆಸಿಕೊಂಡದ್ದು ಕಂಡಿತು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಅಕ್ಕನ ತರಗತಿಗಳು ಶುರುವಾದವು. ನನ್ನ ಸಮಿತಿ ಇನ್ನೂ ಸೇರಿರಲಿಲ್ಲ. ದಿನಗಳು ಎಲ್ಲೂ ಅಂಟದೆ ಹೋಗುತ್ತಿದ್ದವು. ಕುಕ್ಕರಿನ ಸೀಟಿ, ಮಳೆ, ಕೆಳಗೆ ಮಾರುವವನ ಕೂಗು. ಮಧ್ಯಾಹ್ನ ಮಲಗಿದರೆ ಯಾವುದೋ ಪರೀಕ್ಷೆಗೆ ತಡವಾಗಿ ಓಡುತ್ತಿರುತ್ತಿದ್ದೆ. ಎದ್ದ ಮೇಲೆ ಯಾವ ಊರಿನ ಪರೀಕ್ಷೆ ಎಂದು ನೆನಪಿರುತ್ತಿರಲಿಲ್ಲ. ಸಂಜೆ ಅಕ್ಕ ಫೋನು ಮಾಡಿ ಆ ದಿನ ಕಲಿಸಿದ್ದನ್ನೆಲ್ಲ ಹೇಳುತ್ತಿದ್ದರು. ಪಕ್ಕದಲ್ಲಿ ಕೂರುವ ಹುಡುಗಿಯರು ತಮ್ಮನ್ನು ಮೊದಲ ದಿನ ಟೀಚರ್ ಎಂದು ತಿಳಿದು ಎದ್ದು ನಿಂತರಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಗಣಪತಿ ಹಬ್ಬದ ಸಡಗರದಲ್ಲಿ ಊರೆಲ್ಲ ಡೋಲಿನ ಸದ್ದು ತುಂಬಿದ್ದಾಗ ಮುಖ್ಯಸ್ಥೆಯ ಫೋನು ಬಂತು. ಸಮಿತಿ ಒಪ್ಪಿತ್ತು. ಆದರೆ ಎರಡನೇ ವರ್ಷದ ಜೊತೆಗೇ, ಓದದೆ ಉಳಿದ ಆ ಎರಡು ಪತ್ರಿಕೆಗಳನ್ನು ಮೊದಲ ವರ್ಷದವರ ಜೊತೆ ಕೂತು ಮುಗಿಸಬೇಕು. "ಓದು ಜಾಸ್ತಿಯಾಗುತ್ತದೆ. ಆಗುತ್ತದೆಯೇ?" ಎಂದು ಕೇಳಿದರು. ಡೋಲಿನ ಗದ್ದಲದಲ್ಲಿ ನನ್ನ ಉತ್ತರ ಅವರಿಗೆ ಕೇಳಿಸಲಿಲ್ಲ. ಆಗುತ್ತದೆ ಎಂದು ಎರಡೆರಡು ಸಲ ಕೂಗಿ ಹೇಳಿದೆ.

ಹೀಗೆ ಕಡಲ ಪಾಚಿಗಳ ತರಗತಿಗೆ ಹೋದ ಮೊದಲ ದಿನ ಅಕ್ಕ ತಮ್ಮ ಬೆಂಚಿನಲ್ಲಿ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದರು. "ಎರಡನೇ ವರ್ಷದವಳು, ಸೀನಿಯರ್," ಎಂದು ಹುಡುಗಿಯರಿಗೆ ಗತ್ತಿನಿಂದ ಪರಿಚಯಿಸಿದರು. ಅವರ ಕೈಬರಹ ಗುಂಡಗೆ, ನಿಧಾನ. ಟೀಚರ್ ಮುಂದಕ್ಕೆ ಹೋಗಿಬಿಟ್ಟರೆ ನನ್ನ ಪುಸ್ತಕ ಎಳೆದುಕೊಂಡು ನೋಡುತ್ತಿದ್ದರು. ನಾನು ಸುಸ್ತಾಗಿ ತೂಕಡಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದರು.

ನಾನು ಆ ವರ್ಷವೇ ಪಾಸಾದೆ. ಪಾಚಿಗಳಲ್ಲಿ ಕಷ್ಟಪಟ್ಟು ದಾಟಿದೆ. ಅಕ್ಕನಿಗೆ ಒಂದು ಪತ್ರಿಕೆ ಉಳಿಯಿತು. ಮತ್ತೆ ಬರೆದರು, ಮುಂದಿನ ವರ್ಷ ಎಂ.ಎಸ್ಸಿ. ಮುಗಿಸಿದರು. ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ಜೂನ್‌ನಲ್ಲಿ ಯಾರಾದರೂ ಬೇರೆ ಊರಿನ ಹುಡುಗಿ ಬಾಗಿಲಲ್ಲಿ ನಿಂತರೆ, ನಿಯಮ ಹೇಳುವ ಮೊದಲು ಕೂರಲು ಹೇಳುತ್ತೇನೆ.

ಆ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ನಿಚ್ಚಳವಾಗಿ ಉಳಿದದ್ದು ಕಡಲು ಒಳನುಗ್ಗುವ ಗೊರಾಯಿ ಖಾಡಿಗೆ, ಆ ಹಿನ್ನೀರಿಗೆ, ತರಗತಿಯವರೊಂದಿಗೆ ಹೋದ ಒಂದು ಬೆಳಗು. ಬೊರಿವಲಿಯಲ್ಲೇ ಇದ್ದೂ ನಾನು ಆ ಕಡೆ ಹೋಗಿರಲಿಲ್ಲ. ನೀರು ಇಳಿದಿತ್ತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸುತ್ತ ಉಸಿರಾಡುವ ಬೇರುಗಳು ಕೆಸರಿನಿಂದ ಪೆನ್ಸಿಲ್ಲುಗಳ ಹಾಗೆ ಸಾವಿರಗಟ್ಟಲೆ ಮೇಲೆದ್ದಿದ್ದವು. ಮಂಜಿನ ಆಚೆ ಎಲ್ಲೋ ದೋಣಿಯ ಎಂಜಿನ್ ಸದ್ದು. ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೆಸರಿಗಿಳಿದರು. ಮೊಣಕಾಲಿನವರೆಗೆ ಹೂತುಹೋದರು. ನಾನು ಕೈ ಚಾಚಿದೆ.

"ಬೇಡ, ಬೇಡ," ಎಂದರು ನಗುತ್ತ. "ಸ್ವಲ್ಪ ಹೊತ್ತು ಹೀಗೇ ಇರ್ತೇನೆ. ತಂಪಾಗಿ ಉಂಟು."

ನಾನೂ ಚಪ್ಪಲಿ ಬಿಟ್ಟು ಅವರ ಪಕ್ಕಕ್ಕೆ ಇಳಿದೆ.