ರುಮಾಲಿನ ಮೇಲೆ ಔರಾದದ ಸಾಲು

ಶೇವಂತಾಬಾಯಿ ಮಂದಿಯ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದಳು. ಹೆಗಲ ಮೇಲಿನ ಟಾವೆಲ್ಲು, ತೋಳಿನ ಕುಬಸ, ತಲೆ ಮೇಲಿನ ಸೆರಗು, ಹಮಾಲರ ಬೆನ್ನಿಗೆ ಬಿದ್ದ ಗೋಣಿ. ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಬಾಗಿತು ಅನ್ನುವುದೇ ಆಕೆಯ ಚಿಂತೆ. ನಾನು ಆಕೆಯ ದೊಡ್ಡ ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ಇಂಥವರ ಬಗ್ಗೆ ಯಾರಾದರೂ ಬರೆದಿರುತ್ತಾರೆ ಅಂತ ಹುಡುಕಿದೆ, ಯಾರೂ ಬರೆದಿಲ್ಲ.

ಬೀದರ ಇನ್ನೂ ಹೈದರಾಬಾದಿನ ಕಡೆಗೇ ಇದ್ದ ಕೊನೆಯ ಮಳೆಗಾಲ ಅದು. ದೀಪಾವಳಿ ಹೊತ್ತಿಗೆ ಮೈಸೂರು ರಾಜ್ಯಕ್ಕೆ ಸೇರುತ್ತೇವಂತೆ ಅಂತ ಮಂದಿ ಚಹಾದ ಅಂಗಡಿಯಲ್ಲಿ ಮಾತಾಡುತ್ತಿದ್ದರು. ಶೇವಂತಾಗೆ ಆಗ ಹದಿನೆಂಟು ಇರಬಹುದು. ಮನೆ ಬೀದರದ ಅಂಚಿನ ಮೈಲೂರಿನಲ್ಲಿ. ತಂದೆ ಪಂಢರಿ ಕಾಳಿನ ಪೇಟೆಯಾದ ಗಾಂಧಿ ಗಂಜದಲ್ಲಿ ಹಮಾಲ, ಚೀಲ ಹೊರುವ ಕೆಲಸ. ದಿನಾ ಬೆಳಿಗ್ಗೆ ತಂದೆಗೆ ರೊಟ್ಟಿ ಒಯ್ಯುವುದು ಆಕೆಯ ಪಾಲಿನ ಕೆಲಸ. ಅರ್ಧ ತಾಸಿನ ದಾರಿಗೆ ಆಕೆ ಒಂದು ತಾಸು ಹಿಡಿಸುತ್ತಿದ್ದಳು. ಹಾಳು ಗೋಡೆಯೊಂದರ ಮೇಲೆ ಉಳಿದ ನೀಲಿ ಹೆಂಚಿನ ಚೂರುಗಳನ್ನು ನೋಡುತ್ತಾ ನಿಲ್ಲುವಳು. ಹಸಿ ಮಣ್ಣಿನ ಮೇಲಿನ ಕೋಳಿ ಹೆಜ್ಜೆ ನೋಡುವಳು. ರೊಟ್ಟಿ ಬಿಚ್ಚಿಟ್ಟು ತಂದೆಯ ಹೆಗಲ ಮೇಲೆ ಗೋಣಿಯ ನೇಯ್ಗೆ ಅಚ್ಚೊತ್ತಿದ್ದನ್ನು ಬೆರಳಿನಿಂದ ಮುಟ್ಟಿ ನೋಡುವಳು.

‘ನೋವ ಆಗ್ತದೇನಪ್ಪಾ?’

‘ಇಲ್ಲವ್ವ. ನೀ ಹಿಂಗ ಓದಿಕೊಂಡ ಕುಂತ್ರ ರೊಟ್ಟಿ ಆರ್ತದ, ಅದೇ ನೋವು.’

ಆಕೆಯ ಆಸೆ ಒಂದೇ ಇತ್ತು. ತಾನು ಕಟ್ಟಿದ ನಕ್ಷೆಯ, ಅಂದರೆ ಚಿತ್ತಾರದ, ಬಟ್ಟೆಯನ್ನು ಹೆಸರು ಗೊತ್ತಿಲ್ಲದ ಯಾರಾದರೂ ಮೈಮೇಲೆ ಹಾಕಿಕೊಂಡು ಬಜಾರಿನಲ್ಲಿ ನಡೆದು ಹೋಗಬೇಕು, ತಾನು ಹಿಂದೆ ನಿಂತು ನೋಡಬೇಕು. ಮನೆಯವರಲ್ಲ, ಓಣಿಯವರಲ್ಲ. ಅವರು ಮುಲಾಜಿಗೆ ಹಾಕಿಕೊಳ್ಳುತ್ತಾರೆ. ಗೊತ್ತಿಲ್ಲದವರೇ ಆಗಬೇಕು.

ಆಕೆಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದ ನಕ್ಷೆ ಔರಾದದ್ದು. ಅಲ್ಲಿ ಸೋದರತ್ತೆ ಕೌಸಲ್ಯಾಬಾಯಿಯ ಹೊಲವಿತ್ತು. ಕಪ್ಪು ಮಣ್ಣಿನಲ್ಲಿ ಕೂರಿಗೆ ಎಳೆದ ಸಾಲುಗಳು ನೆಟ್ಟಗೆ ಬಂದು, ನಡುವಿನ ಹುಣಸೆ ಮರದ ಹತ್ತಿರ ಸುತ್ತು ಹಾಕಿ, ಆಚೆ ಮತ್ತೆ ಕೂಡಿಕೊಂಡು ನೆಟ್ಟಗೆ ಹೋಗುತ್ತಿದ್ದವು. ಬಂಡೆ ಹತ್ತಿ ನೋಡಿದರೆ ಹೊಲವೇ ಒಂದು ಬಟ್ಟೆ.

ಒಂದು ದಿನ ತಂದೆ ಉಣ್ಣುತ್ತಿದ್ದಾಗ ಶೇವಂತಾ ಗಂಜದ ಧೂಳಿನಲ್ಲಿ ಕಡ್ಡಿಯಿಂದ ಆ ಸಾಲು ಎಳೆಯುತ್ತಾ ಕೂತಿದ್ದಳು. ಅದು ದಲಾಲಿ ಹಾವಗೆಪ್ಪನ ಅಂಗಡಿಯ ಮುಂದೆ. ಹಾವಗೆಪ್ಪ ಶೋಕಿ ಮನುಷ್ಯ. ವಿಭೂತಿಯ ಕೆಳಗೆ ಅತ್ತರಿನ ವಾಸನೆ.

‘ಪಂಢರಿ, ನಿನ್ನ ಮಗಳು ನನ್ನ ಅಂಗಡಿ ಮುಂದ ಬಿತ್ಲಿಕ್ಕ ಹತ್ಯಾಳಲ್ಲೋ.’

‘ಬೆಳಿ ಬಂದ್ರ ನೀವೇ ಮಾರ್ರಿ ಸಾವಕಾರ್ರ.’

ಹಾವಗೆಪ್ಪ ಬಗ್ಗಿ ನೋಡಿದ. ‘ಏನಿದು ತಂಗಿ?’

‘ಹೊಲ ರಿ. ನಮ್ಮ ಅತ್ತಿದು. ಇಲ್ಲಿ ಹುಣಸಿ ಗಿಡ ಅದ, ಅದಕ್ಕ ಸಾಲು ಹೊಳ್ಳಿ ಹೋಗ್ಯಾವ.’

‘ಗಿಡ ಎಲ್ಲಿ ಅದ? ಕಾಣವಲ್ದು.’

‘ಗಿಡ ಬರಿಯಂಗಿಲ್ಲ ರಿ. ಸಾಲು ಬಾಗಿದ್ರ ಕೆಳಗ ಏನೋ ಅದ ಅಂತ ತಿಳೀತದ.’

ಈ ಮಾತನ್ನು ಅಲ್ಲಿದ್ದವರು ಯಾರಾದರೂ ಒಂದು ಗಳಿಗೆ ಯೋಚಿಸಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಯಾರೂ ಯೋಚಿಸಲಿಲ್ಲ. ಹಾವಗೆಪ್ಪನಿಗೆ ಗೆರೆ ಹಿಡಿಸಿಬಿಟ್ಟಿತು.

‘ಹೊಸ ರಾಜ್ಯ ಬರ್ಲಿಕ್ಕ ಹತ್ತದ. ನನ್ನ ಅಂಗಡ್ಯಾಗ ಹೊಸ ರುಮಾಲೂ ಇರ್ಲಿ. ಇದನ್ನೇ ಛಾಪ ಹೊಡಸ್ತೇನಿ.’

ಗಂಜದ ರುಮಾಲಿನ ಕೆಲಸ ಏನು ಅಂತ ಹೇಳಬೇಕು. ಅಲ್ಲಿ ರೇಟು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಖರೀದಿದಾರನೂ ದಲಾಲಿಯೂ ಕೈ ಕೈ ಹಿಡಿದು ಮೇಲೆ ರುಮಾಲು ಹೊದಿಸುವರು. ಒಳಗೆ ಬೆರಳು ಹಿಡಿದು, ಬಿಟ್ಟು, ಮಡಚಿ ರೇಟು ಮಾತಾಡುವರು. ಸುತ್ತ ನಿಂತವರಿಗೆ ಅಲ್ಲಾಡುವ ಬಟ್ಟೆ ಮಾತ್ರ ಕಾಣುವುದು. ಎಲ್ಲರ ರುಮಾಲೂ ದಪ್ಪ, ಎಲ್ಲರದೂ ಗೆರೆ ಇಲ್ಲದ ಒಂದೇ ಬಣ್ಣ. ಅದು ಯಾಕೆ ಹಾಗೆ ಅಂತ ಯಾರೂ ಕೇಳಿದ್ದಿಲ್ಲ. ಶೇವಂತಾ ಮಾತ್ರ ಆ ಬಟ್ಟೆಯ ಏಳುಬೀಳನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ತನ್ನ ಸಾಲುಗಳು ಆ ದಿಬ್ಬಗಳ ಮೇಲೆ ಹೇಗೆ ಹರಿಯಬಹುದು ಅಂತ ನೆನೆಸಿ ಆಕೆಗೆ ನಿದ್ದೆ ಬರಲಿಲ್ಲ.

ಅಚ್ಚು ಹಾಕುವವನು ರಂಗಾರಿ ಮುನೀರೋದ್ದೀನ. ಬಟ್ಟೆಗೆ ಬಣ್ಣ ಹಾಕುವುದು, ಸಾಗವಾನಿ ಕಟ್ಟಿಗೆಯಲ್ಲಿ ಅಚ್ಚು ಕೊರೆಯುವುದು ಎರಡೂ ಅವನದೇ. ಕೈ ಮೊಣಕೈವರೆಗೆ ನೀಲಿ.

‘ಹೂವಿಲ್ಲ, ಬಳ್ಳಿಲ್ಲ, ಮಾವಿನಕಾಯಿಲ್ಲ. ಇದು ಯಾವ ನಕ್ಷಾ ಬೇಟಿ?’

‘ಹೂವು ಎಲ್ಲಾರ ಮೈಮ್ಯಾಲೂ ಅದಾವ ಚಾಚಾ.’

‘ಅದಕ್ಕೇ ನಾ ಎರಡು ಹೊತ್ತು ಉಣ್ತೇನಿ.’

ಆದರೂ ಕೊರೆದ. ಬಿಳಿ ಬಟ್ಟೆಯ ಮೇಲೆ ಸಣ್ಣ ನೀಲಿ ಸಾಲುಗಳು, ನಡುವೆ ಒಂದು ಕಡೆ ಬಾಗಿದ್ದು. ಮೊದಲನೆಯದನ್ನು ಒಣಹಾಕಿದಾಗ ಗಾಳಿಗೆ ಬಟ್ಟೆ ಎದ್ದಿತು, ಸಾಲುಗಳೂ ಎದ್ದವು. ಮುನೀರೋದ್ದೀನ ಬೀಡಿ ಹಚ್ಚುವುದು ಮರೆತು ನಿಂತ. ‘ಹ್ಞೂಂ,’ ಅಂದ. ಅಷ್ಟೇ ಅಂದದ್ದು. ಶೇವಂತಾ ಅದನ್ನು ತಿಂಗಳುಗಟ್ಟಲೆ ನೆನೆಸಿಕೊಂಡಳು.

ದಸರೆಯ ಮುಂಚಿನ ವಾರ ಉದ್ದಿನ ಮಾಲು ಬಂದಿತ್ತು. ಉದಗೀರದ ಒಬ್ಬ ಖರೀದಿದಾರ ಬಂದಿದ್ದ. ಹಾವಗೆಪ್ಪ ಹೊಸ ರುಮಾಲನ್ನು ಎಲ್ಲರಿಗೂ ಕಾಣುವಂತೆ ಒಮ್ಮೆ ಝಾಡಿಸಿ ಇಬ್ಬರ ಕೈಮೇಲೆ ಹೊದಿಸಿದ. ಒಳಗೆ ಬೆರಳು ಎದ್ದವು. ಮೇಲೆ ನೀಲಿ ಸಾಲುಗಳು ಎದ್ದು, ಬಾಗಿ, ಒಂದೊಂದು ಬೆರಳಿನ ಸುತ್ತ ಸುತ್ತಿಕೊಂಡವು. ಚೀಲಗಳ ಮೇಲೆ ಕೂತಿದ್ದ ಹಮಾಲನೊಬ್ಬ ಸಹಜವಾಗಿ ಅಂದ:

‘ನಾಕು ಹಿಡದಾನ.’

‘ಇಲ್ಲಲೇ, ಕಿರಿಬೆರಳ ಮಡಚ್ಯಾನ. ಮೂರು,’ ಅಂದ ಇನ್ನೊಬ್ಬ.

‘ಈಗ ಬಿಚ್ಚಿದ ನೋಡು.’

ಆಚೆ ಅಂಗಡಿಯ ದಲಾಲಿಗಳೂ ಕತ್ತು ಚಾಚಿದರು. ನಗೆ ಹಬ್ಬಿತು. ಉದಗೀರದವನು ಕೈ ಕಿತ್ತುಕೊಂಡ.

‘ಹಾವಗೆಪ್ಪಾ, ಇದು ರುಮಾಲೋ ಡಂಗುರವೋ? ಇದಕ್ಕಿಂತ ಮೈಕ್ ಹಚ್ಚಿ ಕೂಗಿದ್ರ ಆಗ್ತಿತ್ತು.’

ಸಿಟ್ಟಿನಲ್ಲಿ ಅದೇ ರುಮಾಲಿನಿಂದ ಮುಖ ಒರೆಸಿಕೊಂಡು, ಹೆಗಲಿಗೆ ಹಾಕಿಕೊಂಡು, ಹಾಗೇ ಸ್ಟೇಶನ್ ಕಡೆ ಹೊರಟುಹೋದ. ತನ್ನದಲ್ಲ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಹಾವಗೆಪ್ಪನಿಗೂ ಕೇಳುವ ಮುಖ ಇರಲಿಲ್ಲ.

ಶೇವಂತಾ ರೊಟ್ಟಿ ತಂದಾಗ ಎಲ್ಲಾ ಮುಗಿದಿತ್ತು. ಪಂಢರಿ ಗಂಟು ಬಿಚ್ಚುತ್ತಾ ಮೆಲ್ಲಗೆ ಹೇಳಿದ: ‘ಗಿಡ ಕಾಣಿಸ್ತವ್ವ.’

ಆಕೆಗೆ ಒಡನೇ ತಿಳಿಯಿತು. ನಾಚಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು. ತಂದೆ ನಡೆದದ್ದನ್ನೆಲ್ಲ ಹೇಳಿದ ಮೇಲೆ ಕೇಳಿದಳು: ‘ಅಂವ ಹೆಗಲಿಗಿ ಹಾಕ್ಕೊಂಡು ಹೋದ್ನೇನು? ಬಜಾರದಾಗಿಂದ?’

‘ಹೌದು. ನೆಟ್ಟಗ ಬಜಾರದಾಗಿಂದ.’

‘ನಾ ಒಂದಿಷ್ಟು ಲಗೂನ ಬರಬೇಕಾಗಿತ್ತು.’

ಅವತ್ತೂ ಆಕೆ ನೀಲಿ ಹೆಂಚಿನ ಮುಂದೆ ನಿಂತಿದ್ದಳು. ಅಷ್ಟು ಹೊತ್ತಿನಲ್ಲಿ ಆಕೆಯ ಆಸೆ ಆಕೆಯ ಬೆನ್ನ ಹಿಂದೆ ನಡೆದುಹೋಗಿತ್ತು.

ಉಳಿದ ರುಮಾಲುಗಳನ್ನು ಹಾವಗೆಪ್ಪ ಮುನೀರೋದ್ದೀನನ ಹತ್ತಿರವೇ ಕಪ್ಪು ಬಣ್ಣಕ್ಕೆ ಕಳಿಸಿದ. ಒಂದನ್ನಾದರೂ ಇಟ್ಟುಕೊಳ್ಳೋಣ ಅಂತ ಶೇವಂತಾ ಓಡಿಹೋದಾಗ ಕೊನೆಯದು ಹಂಡೆಯಲ್ಲಿ ಮುಳುಗುತ್ತಿತ್ತು. ಅಚ್ಚು? ಮುನೀರೋದ್ದೀನ ಅದನ್ನು ಹತ್ತರಿ ಹೊಡೆದು ನುಣ್ಣಗೆ ಮಾಡಿಟ್ಟಿದ್ದ.

‘ಸಾಗವಾನಿ ಬೇಟಿ. ಇದರಾಗ ಇನ್ನೂ ಎರಡು ಹೂವು ಏಳ್ತಾವ.’ ನುಣ್ಣನೆಯ ಕಟ್ಟಿಗೆಯನ್ನು ಬೆರಳಿನಿಂದ ಸವರಿ, ‘ನನಗೂ ಮನಸ್ಸಿದ್ದಿಲ್ಲ,’ ಅಂದ.

ಹೀಗಾಗಿ ಲೋಕದಲ್ಲಿ ಉಳಿದದ್ದು ಒಂದೇ ರುಮಾಲು. ಅದು ಉದಗೀರದಲ್ಲಿ. ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಬಂತು, ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ಶಾಲೆಯ ಮಕ್ಕಳಿಗೆ ಪೇಡಾ ಹಂಚಿದರು. ಔರಾದದಿಂದ ಬಂದಿದ್ದ ಕೌಸಲ್ಯಾಬಾಯಿ, ‘ನನ್ನ ಹೊಲ ಎದ್ದು ಎಲ್ಲೂ ಹೋಗಿಲ್ಲ, ಖರೇ ನಮ್ಮ ಬೀಗರೆಲ್ಲಾ ಪರರಾಜ್ಯದವರಾದ್ರು ನೋಡು,’ ಅಂತ ನಕ್ಕಳು. ಶೇವಂತಾ ನಗಲಿಲ್ಲ. ಆ ಖರೀದಿದಾರ ಮತ್ತೆ ಗಂಜಕ್ಕೆ ಬರಲಿಲ್ಲ.

ಮರು ವರ್ಷ ಆಕೆಯ ಮದುವೆ ಭಾಲ್ಕಿಯ ಮಚ್ಛೇಂದ್ರನ ಜೊತೆ ಆಯಿತು. ಅವನು ದರ್ಜಿ, ಅಂಗಡಿ ಸ್ಟೇಶನ್ನಿನ ಹತ್ತಿರ. ಉದಗೀರದ ಗಾಡಿ ಭಾಲ್ಕಿಯ ಮೇಲೇ ಹೋಗುತ್ತದೆ. ಈ ಒಂದು ಮಾತಿಗೇ ಆಕೆ ಮದುವೆಗೆ ಹ್ಞೂಂ ಅಂದಳು ಅಂತ ಗಂಡ ಆಮೇಲೆ ಎಲ್ಲರ ಮುಂದೆ ಚಾಷ್ಟಿ ಮಾಡುತ್ತಿದ್ದ. ಗಾಡಿಯ ಸೀಟಿ ಕೇಳಿದರೆ ಸಾಕು, ಕಾಜಾ ಹಾಕುತ್ತಿದ್ದ ಅಂಗಿಯನ್ನು ಬಿಟ್ಟು ಎದ್ದು ಹೋಗುವಳು.

‘ಮಂದಿ ಗಾಡಿಗಿ ಬಂದೋರ ಮಾರಿ ನೋಡ್ತಾರ. ನೀ ಹೆಗಲು ನೋಡ್ತಿ. ಯಾರರೆ ಹೊಡದಾರು.’

‘ಹೊಡದ್ರ ಹೊಡೀಲಿ ರಿ. ಹಾಕ್ಕೊಂಡು ಬಂದು ಹೊಡೀಲಿ.’

ಎರಡು ಮಳೆಗಾಲ ಕಳೆದವು. ಪೇರಲ ಹಣ್ಣಿನ ದಿನಗಳಲ್ಲಿ ಒಂದು ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ಒಬ್ಬ ಹೆಂಗಸು ಖಾಲಿ ಬುಟ್ಟಿಯ ಪಕ್ಕ ಕೂತಿದ್ದಳು. ಹಣ್ಣು ಮಾರಿ ಊರಿಗೆ ಹೊರಟವಳು. ಕುಬಸದ ತೋಳಿನ ಮೇಲೆ ನೀಲಿ ಸಾಲುಗಳು. ಒಗೆದು ಒಗೆದು ಬಣ್ಣ ಮಾಸಿತ್ತು. ಶೇವಂತಾ ಎದುರು ನಿಂತುಬಿಟ್ಟಳು.

‘ಏನವ್ವಾ, ಹಾಂಗ್ಯಾಕ ನೋಡ್ಲತ್ತಿ?’

‘ಕುಬಸದ ಗೆರಿ ಛಲೋ ಅದಾವ ರಿ.’

‘ಇದಾ? ನಮ್ಮ ಉದಗೀರದಾಗ ಒಬ್ಬ ಸಾವಕಾರನ ಮನ್ಯಾಗ ಧೂಳ ಒರಸ್ಲಿಕ್ಕ ಇಟ್ಟಿದ್ರು. ಬೇಡಿ ತಂದು ಹೊಲಿಸಿದೆ. ನೋಡಿಲ್ಲಿ.’ ಆಕೆ ಮೊಣಕೈ ಮಡಚಿ ತೋರಿಸಿದಳು. ಸಾಲುಗಳು ಮೊಣಕೈಯ ಸುತ್ತ ಬಾಗಿ ಆಚೆ ಕೂಡಿಕೊಂಡವು. ‘ಕೂರಿಗಿ ಸಾಲು ಇದ್ದಂಗ ಅದ. ಯಾವ ಪುಣ್ಯಾತ್ಮ ಹಾಕ್ಯಾನೋ. ಬಗಲಾಗ ಹರೀಲಿಕ್ಕ ಬಂದದ. ನಿಮ್ಮ ಕಡಿ ಈ ಅರಿವಿ ಸಿಗ್ತದೇನು?’

‘ನಾನೇ’ ಅನ್ನುವ ಮಾತು ಶೇವಂತಾಳ ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಈ ಹೆಂಗಸು ಗುರುತಿನವಳಾಗಿಬಿಡುತ್ತಿದ್ದಳು, ಮುಲಾಜಿನವಳಾಗಿಬಿಡುತ್ತಿದ್ದಳು.

‘ಇಲ್ಲ ರಿ,’ ಅಂದಳು. ‘ಸಿಗಂಗಿಲ್ಲ.’

ಗಾಡಿ ಬಂತು. ಹೆಂಗಸು ಬುಟ್ಟಿಯನ್ನು ತಲೆಗೇರಿಸಿ ಒಂದು ಕೈ ಎತ್ತಿ ಹಿಡಿದು ಮುಂದೆ ನಡೆದಳು. ಶೇವಂತಾ ಹಿಂದೆ ನಿಂತು ನೋಡಿದಳು. ಗದ್ದಲದಲ್ಲಿ ಆ ತೋಳು ಒಮ್ಮೆ ಮರೆಯಾಯಿತು, ಒಮ್ಮೆ ಕಂಡಿತು, ಗಾಡಿಯ ಡಬ್ಬಿಯ ಬಾಗಿಲಲ್ಲಿ ಸಾಲುಗಳೆಲ್ಲ ಒಮ್ಮೆಗೇ ಬಾಗಿ ಒಳಗೆ ಹೋದವು. ಹೊಗೆ ಕರಗುವವರೆಗೂ ಆಕೆ ಅಲ್ಲೇ ಇದ್ದಳು.

ಅಂಗಡಿಗೆ ಬಂದು ಅರ್ಧ ಬಿಟ್ಟ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಸೂಜಿಗೆ ದಾರ ಹೋಗಲಿಲ್ಲ. ಮಚ್ಛೇಂದ್ರ ಮಶಿನ್ ನಿಲ್ಲಿಸಿದ.

‘ಸಿಕ್ತೇನು?’

‘ಸಿಕ್ತು. ಕುಬಸ ಆಗ್ಯದ. ಹೋತು.’

ಅವನು ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟ. ದರ್ಜಿಯ ಬುದ್ಧಿ, ಕೇಳದೆ ಇರಲಾಗಲಿಲ್ಲ.

‘ಹೊಲಿಗಿ ಹ್ಯಾಂಗಿತ್ತು?’

‘ಹೊಲಿಗಿ ನಾ ನೋಡಲಿಲ್ಲ ರಿ.’