ಗಾಡಿ ಅಡ್ಡೆಯ ಸಗಣಿಯನ್ನು ಲಿಲಾವಿಗೆ ಇಟ್ಟದ್ದು

ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರು, ನಾಲ್ಕೂ ಕಡೆ ನಾನು ಗುಮಾಸ್ತಗಿರಿ ಮಾಡಿದವನು. ಈ ಸಂಗತಿ ನಡೆದದ್ದು ಅವುಗಳಲ್ಲಿ ಒಂದು ಊರಿನಲ್ಲಿ. ಯಾವುದೆಂದು ಹೇಳುವುದಿಲ್ಲ. ಆ ಊರಲ್ಲಿ ನನಗೆ ಈಗ ಬೀಗರಿದ್ದಾರೆ, ಮರ್ಯಾದೆಯಿಂದ ಊಟಕ್ಕೆ ಕರೆಯುತ್ತಾರೆ.

ಎಪ್ಪತ್ತರ ದಶಕದ ಕೊನೆ. ಬಿ.ಎ. ಪಾಸಾಗಿ ಪುರಸಭೆಗೆ ಹೊಸದಾಗಿ ಸೇರಿದ್ದೆ. ಸಂತೆಯ ದಿನ ಹಳ್ಳಿಗಳಿಂದ ಬಂದ ಚಕ್ಕಡಿಗಳು ನಿಲ್ಲಲು ಊರಂಚಿಗೆ ಒಂದು ಬಯಲಿತ್ತು, ಗಾಡಿ ಅಡ್ಡೆ. ಚಕ್ಕಡಿಗೊಂದು ಚೀಟಿ ಹರಿದು ಶುಲ್ಕ ಎತ್ತುವ ಹಕ್ಕನ್ನು ಪುರಸಭೆ ಪ್ರತಿವರ್ಷ ಲಿಲಾವು, ಅಂದರೆ ಹರಾಜು, ಮಾಡುತ್ತಿತ್ತು. ಬಂದ ದುಡ್ಡು ಬೀದಿದೀಪಕ್ಕೆ ಹೋಗುತ್ತಿತ್ತು. ಅಡ್ಡೆಗೆಂದು ಚಿಕ್ಕಾಸೂ ಖರ್ಚಾಗುತ್ತಿರಲಿಲ್ಲ. ಆದರೂ ಅದು ಮನೆಯ ಅಂಗಳದಷ್ಟು ಸ್ವಚ್ಛವಾಗಿರುತ್ತಿತ್ತು. ಹೇಗೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಕಾರಣ ಒಬ್ಬ ಮುದುಕಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸಂತೆಯ ಬೆಳಗ್ಗೆ ಬಾವಿಯಿಂದ ನೀರು ಹೊತ್ತು ತಂದು ಎತ್ತು ಕುಡಿಯುವ ಕಲ್ಲಿನ ದೋಣಿ ತುಂಬುತ್ತಿದ್ದಳು. ಅದಕ್ಕೆ ಬದಲು ಅಲ್ಲಿ ಬಿದ್ದ ಸಗಣಿಯೆಲ್ಲ, ಅವಳ ಮಾತಿನಲ್ಲಿ ಹೆಂಡಿ, ಅವಳದು. ಕುಳ್ಳು ತಟ್ಟಿ ಮಾರಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದಳು. ಈ ಕರಾರು ಯಾವ ಕಾಗದದಲ್ಲೂ ಇರಲಿಲ್ಲ.

ನನಗೆ ಕಂಡದ್ದು ಸಗಣಿ ಮಾತ್ರ. ಪುರಸಭೆಯ ಆಸ್ತಿ ಪುಕ್ಕಟೆ ಹೋಗುತ್ತಿದೆ ಎಂದು ಚೀಫ್ ಆಫೀಸರಿಗೆ ಟಿಪ್ಪಣಿ ಬರೆದೆ. ಸಾಹೇಬರು ಓದಿ, "ಭಾಳ ಶ್ಯಾಣ್ಯಾ ಅದೀಯಪಾ" ಎಂದರು. ಜಾಣನೆಂದು ಹೊಗಳಿದರೆಂದೇ ತಿಳಿದೆ. ಆ ವರ್ಷದ ಲಿಲಾವು ನೋಟೀಸಿನಲ್ಲಿ 'ಸಗಣಿ ಸಹಿತ' ಎಂದು ದುಂಡಗೆ ಬರೆದೆ.

ಲಿಲಾವು ಹಿಡಿದ ಗುತ್ತಿಗೆದಾರ ಮೊದಲ ಸಂತೆಗೇ ಮುದುಕಿಯ ಬುಟ್ಟಿ ಕಸಿದುಕೊಂಡ. ಅವಳು ನೇರ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ತಮ್ಮಾ, ಹೆಂಡಿ ನಿಂದೇನು?"

"ಪುರಸಭೆದ್ದು ಯವ್ವಾ."

"ಪುರಸಭೆ ಯಾವಾಗ ಎತ್ತು ಸಾಕಿತ್ತು?"

ಕಾನೂನು ಹಂಗ ಐತಿ ಅಂದೆ.

"ಹಂಗಾರ ನೀರೂ ಕಾನೂನ ಹೊರ್ಲಿ" ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ಮುಂದಿನ ಸಂತೆಗೆ ದೋಣಿ ಒಣಗಿತ್ತು. ಗುತ್ತಿಗೆದಾರ ಸಗಣಿಯನ್ನು ನಡು ಅಡ್ಡೆಯಲ್ಲೇ ಗುಡ್ಡೆ ಹಾಕಿಸಿ, ಒಳ್ಳೆ ರೇಟು ಬರಲಿ ಎಂದು ಕಾದ. ರೇಟು ಬರಲಿಲ್ಲ, ಮಳೆ ಬಂತು. ಅಡ್ಡೆಯಲ್ಲಿ ಕಾಲಿಟ್ಟರೆ ಮೀನಖಂಡದವರೆಗೆ ಹೂತು ಹೋಗುತ್ತಿತ್ತು. ರೈತರು ಜಗಳ ತೆಗೆಯಲಿಲ್ಲ. ಪುರಸಭೆಯ ಹಿತ್ತಲ ಬಾವಿಯಲ್ಲಿ ನೀರಿದೆಯೆಂದು ಯಾರೋ ಹೇಳಿದರು, ಅಷ್ಟೂ ಚಕ್ಕಡಿಗಳನ್ನು ತಂದು ಕಚೇರಿಯ ಅಂಗಳದಲ್ಲಿ ಎತ್ತು ಬಿಟ್ಟರು. ಗುತ್ತಿಗೆದಾರನಿಗೆ ಹರಿಯಲು ಒಂದು ಚೀಟಿಯೂ ಸಿಗಲಿಲ್ಲ. ಸಾಹೇಬರು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದರು.

"ಶ್ಯಾಣ್ಯಾ, ಹೊರಗ ನಿನ್ನ ಆಸ್ತಿ ಬಿದ್ದೈತಿ. ಹೋಗಿ ಬಳಿ."

ಗುತ್ತಿಗೆದಾರ ಸಗಣಿಯ ಹಕ್ಕು ಬೇಡವೇ ಬೇಡ ಎಂದು ಕೈಮುಗಿದು ಬರೆದುಕೊಟ್ಟ. ನಾನು ಮುದುಕಿಯ ಮನೆಗೆ ಹೋದೆ. ಗೋಡೆಯ ಮೇಲೆ ಒಂದೂ ಕುಳ್ಳಿರಲಿಲ್ಲ, ನಡುಮಧ್ಯಾಹ್ನ ಒಲೆ ತಣ್ಣಗಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾತು ಯವ್ವಾ, ಬಾ" ಎಂದೆ. ಅವಳು ಒಳಗಿಂದ ಕೊಡ ತಂದು ನನ್ನ ಮುಂದಿಟ್ಟಳು.

"ಬರ್ತೇನಿ. ಮೊದಲ ನೀ ದೋಣಿ ತುಂಬು."

ಸಂತೆಗೆ ಬಂದ ಮಂದಿಯೆಲ್ಲ ನೋಡುತ್ತಿದ್ದಂತೆ ಬಿ.ಎ. ಪಾಸಾದವನು ನೀರು ಹೊತ್ತೆ. ಮಂದಿ ಕಡಲೆಕಾಯಿ ತಿನ್ನುತ್ತ, ಚೆಲ್ಲಬ್ಯಾಡ್ರಿ ಸಾಹೇಬ್ರ ಎಂದು ಉಪದೇಶವನ್ನೂ ಮಾಡಿದರು. ದೋಣಿಗೆ ತಳವೇ ಇಲ್ಲವೇನೋ ಅನಿಸಿತು. ಮೂರು ದಿನ ಕುತ್ತಿಗೆ ತಿರುಗಲಿಲ್ಲ.

ಮರುವರ್ಷದ ನೋಟೀಸಿನಲ್ಲಿ 'ಸಗಣಿ ಹೊರತುಪಡಿಸಿ' ಎಂದು ಬರೆದು ಅವಳಿಗೆ ಓದಿ ಹೇಳಿದೆ. ಅವಳು ಖುಷಿಪಡಲಿಲ್ಲ.

"ನೀ ಹ್ವಾದ ಮ್ಯಾಲ ಇನ್ನೊಬ್ಬ ಶ್ಯಾಣ್ಯಾ ಬಂದ್ರ?"

ಬಂದ. ಎಂಬತ್ತರ ದಶಕದಲ್ಲಿ ನನಗೆ ವರ್ಗವಾದಾಗ ಹೊಸ ಗುಮಾಸ್ತ ಫೈಲು ತಿರುವಿ ಕೇಳಿದ ಮೊದಲ ಮಾತು, "ಸರ್, ಈ ಸಗಣಿ ಯಾಕ ಬಿಟ್ಟೀರಿ?" ಅವತ್ತು ಸಂತೆ. ಅವನನ್ನು ಅಡ್ಡೆಗೆ ಕರೆದುಕೊಂಡು ಹೋದೆ. ಮುದುಕಿಯ ಬೆನ್ನು ಬಾಗಿತ್ತು, ಈಗ ಅರ್ಧ ಕೊಡವಷ್ಟೇ ಹೊರುತ್ತಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದಳು.

"ಇವನೂ ಶ್ಯಾಣ್ಯಾನ ಅದಾನೇನು?"

"ಹೂಂ ಯವ್ವಾ. ಬಿ.ಎ."

ಅವಳು ಕೊಡವನ್ನು ಅವನ ಕೈಗೆ ಕೊಟ್ಟಳು.